ಕೊಡಲಿ ಎಲ್ಲಿ ಹೋಯ್ತು? ಕಡಲು ನುಂಗಿದ ವಸ್ತುವಿನ ಶಿಲ್ಪವನ್ನು ಚಿತ್ರದುರ್ಗದ ಹಿತ್ತಲಲ್ಲಿ ಮಾಡುವ ಬಗೆ

ಪರಶುರಾಮ ಕೊಡಲಿ ಬೀಸಿ ಎಸೆದ. ಕಡಲು ಹಿಂದೆ ಸರಿಯಿತು. ಕರಾವಳಿ ಹುಟ್ಟಿತು. ಚಿಕ್ಕವಳಿದ್ದಾಗ ಅಜ್ಜಿ ಈ ಕಥೆ ಹೇಳಿದಾಗ ನಾನು ಕೇಳಿದ್ದು ಒಂದೇ ಮಾತು: "ಆಮೇಲೆ ಕೊಡಲಿ ಎಲ್ಲಿ ಹೋಯ್ತು?" ಅಜ್ಜಿ "ನೀರಿಗೆ ಬಿತ್ತಲ್ಲ, ಹೋಯ್ತು" ಅಂದು ಒಲೆ ಕಡೆ ತಿರುಗಿದರು. ಆ ಪ್ರಶ್ನೆ ಮಾತ್ರ ನನ್ನ ಜೊತೆಗೇ ಬೆಳೆಯಿತು.

ದೊಡ್ಡವಳಾದ ಮೇಲೆ ಅದಕ್ಕೆ ಸಿಮೆಂಟು, ಮರಳು, ಕೆರೆ ಮಣ್ಣಲ್ಲಿ ಉತ್ತರ ಹುಡುಕಿದೆ. ಒಂದು ಅಡಿಯಷ್ಟು ಉದ್ದದ ಒರಟು ಗಡ್ಡೆ. ಒಡೆದು ನೋಡಿದರೆ ಒಳಗೆ ಕೊಡಲಿ ಇಲ್ಲ, ಕೊಡಲಿ ಇದ್ದ ಜಾಗ ಇದೆ. ಇಷ್ಟೇ ಶಿಲ್ಪ. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಸುಡುವ ಗೂಡು ಬೇಡ, ವೆಲ್ಡಿಂಗ್ ಬೇಡ. ಎರಡು ಮೂರು ಭಾನುವಾರ ಮತ್ತು ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಕಡಲಿಲ್ಲದ ಊರು ಅನ್ನಬೇಡಿ

ಚಿತ್ರದುರ್ಗ, ದಾವಣಗೆರೆಯವರು ಕಡಲು ನೋಡಬೇಕಂದ್ರೆ ಘಟ್ಟ ಇಳಿಯಬೇಕು. ನಮ್ಮಲ್ಲಿ ಸಾಗರ ಅನ್ನುವ ಹೆಸರು ಕೆರೆ, ಕಟ್ಟೆಗೆ: ಸೂಳೆಕೆರೆಗೆ ಶಾಂತಿಸಾಗರ, ಮಾರಿಕಣಿವೆಗೆ ವಾಣಿವಿಲಾಸ ಸಾಗರ. ಆದರೆ ಕೆಲಸ ಶುರು ಮಾಡುವ ಮೊದಲು ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಮರಡಿಹಳ್ಳಿಗೆ ಹೋಗಿ ಬನ್ನಿ. ಚಿತ್ರದುರ್ಗದಿಂದ ಹಿರಿಯೂರು ಕಡೆ ಹೋಗುವಾಗ ಸಿಗುತ್ತದೆ. ಅಲ್ಲಿನ ಬಂಡೆಗಳನ್ನು ನೋಡಿದರೆ ಯಾರೋ ತುಂಬಿದ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಇವೆ. ಅದು ದಿಂಬು ಲಾವಾ. ಕುದಿಯುವ ಲಾವಾ ನೀರಿನ ಅಡಿಯಲ್ಲಿ ಉಕ್ಕಿದಾಗ ಮಾತ್ರ ಹೀಗೆ ಉಂಡೆ ಕಟ್ಟುತ್ತದೆ. ಹೊರಮೈ ನೀರು ತಾಕಿದ ಕೂಡಲೇ ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಹರಿಯುತ್ತಿರುತ್ತದೆ. ಸುಮಾರು 250 ಕೋಟಿ ವರ್ಷದ ಹಿಂದಿನ ಮಾತು. ನಾವು ಕಡಲೆಕಾಯಿ ಬೆಳೆಯುವ ಈ ಒಣ ನೆಲ ಆಗ ನೀರಿನಡಿ ಇತ್ತು.

ಒಂದೊಂದು ದಿಂಬನ್ನೂ ಹತ್ತಿರದಿಂದ ನೋಡಿ. ಮೇಲ್ಭಾಗ ಉಬ್ಬಿದೆ. ಕೆಳಭಾಗ ಚೂಪಾಗಿ, ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಕೂತಿದೆ. ಮೆತ್ತಗಿದ್ದಾಗ ಭಾರಕ್ಕೆ ಹಾಗೆ ಜಗ್ಗಿದ್ದು. ಈ ಜಗ್ಗುವಿಕೆಯನ್ನು ಬೆರಳಲ್ಲಿ ನೆನಪಿಟ್ಟುಕೊಳ್ಳಿ, ಗಾರೆ ಮೆತ್ತುವಾಗ ಬೇಕಾಗುತ್ತದೆ. ಈ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೋಡಿ, ಮುಟ್ಟಿ, ಚಿತ್ರ ಬರೆದುಕೊಳ್ಳಿ. ಚೂರು ಕೂಡ ಒಡೆದು ತರಬೇಡಿ.

ಸಮಯ ಇದ್ದರೆ ದುರ್ಗದ ಪಕ್ಕದಲ್ಲೇ ಇರುವ ಚಂದ್ರವಳ್ಳಿಯನ್ನೂ ನೋಡಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮ್ ದೇಶದ ಬೆಳ್ಳಿ ನಾಣ್ಯಗಳೂ ಅಲ್ಲಿ ಸಿಕ್ಕಿವೆ. ಎಲ್ಲಿಯ ರೋಮ್, ಎಲ್ಲಿಯ ದುರ್ಗ! ಕಡಲು ದಾಟಿ, ಬಂದರಿಗೆ ಇಳಿದು, ಗಾಡಿ ಹತ್ತಿ ಆ ನಾಣ್ಯ ನಮ್ಮೂರಿಗೆ ಬಂತು. ಹಾಗೆ ಹೊರಟು ಬಂದು ಮುಟ್ಟದ ನಾಣ್ಯಗಳೂ ಇರಬೇಕಲ್ವಾ? ಅವೆಲ್ಲ ಈಗ ಕಡಲಿನ ತಳದಲ್ಲಿ ಯಾವ ರೂಪದಲ್ಲಿ ಇರಬಹುದು? ಈ ತರಹದ ಪ್ರಶ್ನೆಯಿಂದಲೇ ಶಿಲ್ಪ ಶುರುವಾಗುವುದು.

ಕಥೆ ಬಿಡಿ, ಕಥೆಯೊಳಗಿನ ವಸ್ತು ಹಿಡಿಯಿರಿ

ಹೊಸಬರು ಮಾಡುವ ತಪ್ಪು ಏನೆಂದರೆ ಇಡೀ ಸಮುದ್ರ ಮಥನವನ್ನೇ ಮಾಡಲು ಹೊರಡುವುದು. ದೇವರು, ದಾನವರು, ಮಂದರ, ವಾಸುಕಿ, ಆಮೆ. ಅಷ್ಟನ್ನೂ ಒಂದು ಅಡಿಯಲ್ಲಿ ತುಂಬಿದರೆ ನೋಡುವವರಿಗೆ ಏನೂ ದಕ್ಕುವುದಿಲ್ಲ. ದುರ್ಗದ ಕೋಟೆಯ ಹಿಡಿಂಬೇಶ್ವರ ಗುಡಿಗೆ ಹೋದವರನ್ನು ಗಮನಿಸಿ. ಹಿಡಿಂಬನ ಕಥೆ ಎಲ್ಲರಿಗೂ ಗೊತ್ತು. ಆದರೂ ಅವನದೆಂದು ಹೇಳುವ ಹಲ್ಲಿನ ಮುಂದೆ ಜನ ನಿಂತುಬಿಡುತ್ತಾರೆ. ಮಕ್ಕಳಂತೂ ಅಲ್ಲಿಂದ ಕದಲುವುದಿಲ್ಲ. ಕಥೆಗೆ ಒಂದು ವಸ್ತು ಸಿಕ್ಕಿದರೆ ಅದರ ಬಲವೇ ಬೇರೆ.

ಕಡಲಿಗೆ ಬಿದ್ದ, ಕಡಲಿನಿಂದ ಎದ್ದ ವಸ್ತುಗಳು ನಮ್ಮ ಪುರಾಣದಲ್ಲಿ ಬೇಕಾದಷ್ಟಿವೆ. ಪಂಚಜನ ಎಂಬ ದೈತ್ಯ ಕಡಲಲ್ಲಿದ್ದ, ಅವನನ್ನು ಕೊಂದು ಕೃಷ್ಣ ತಂದ ಶಂಖವೇ ಪಾಂಚಜನ್ಯ. ಮುಳುಗಿದ ದ್ವಾರಕೆಯ ಒಂದು ಮನೆಯ ಅಗುಳಿಯನ್ನು ಮಾಡಬಹುದು. ಮಥನದಲ್ಲಿ ಉಜ್ಜಿ ಉಜ್ಜಿ ಉದುರಿದ ವಾಸುಕಿಯ ಒಂದು ಹುರುಪೆಯನ್ನು ಮಾಡಬಹುದು. ದ್ವಾರಕೆಯನ್ನು ಆರಿಸಿಕೊಂಡರೆ ನಿಮಗೆ ನಿಜದ ಆಸರೆಯೂ ಇದೆ. ನಮ್ಮ ಪಕ್ಕದ ಶಿಕಾರಿಪುರದ ಹೆಸರು ಹೊತ್ತ ಶಿಕಾರಿಪುರ ರಂಗನಾಥ ರಾವ್, ಅಂದರೆ ಪುರಾತತ್ವಜ್ಞ ಎಸ್. ಆರ್. ರಾವ್ ಅವರು 1980ರ ದಶಕದಲ್ಲಿ ದ್ವಾರಕೆಯ ಬಳಿ ನೀರಿನಡಿ ಹುಡುಕಾಟ ನಡೆಸಿದರು. ಅಲ್ಲಿ ಸಿಕ್ಕ ವಸ್ತುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಮೂರು ತೂತಿನ ಕಲ್ಲಿನ ಲಂಗರು. ಮೇಲಿನ ತೂತಿಗೆ ಹಗ್ಗ, ಕೆಳಗಿನ ಎರಡಕ್ಕೆ ಮರದ ಗೂಟ. ಗೂಟ ಹೋಗಿದೆ, ಹಗ್ಗ ಹೋಗಿದೆ, ತೂತು ಮಾತ್ರ ಉಳಿದಿದೆ.

ನಾನು ಕೊಡಲಿಯನ್ನೇ ಹಿಡಿದೆ. ನಮ್ಮ ಕಡೆ ಎಲ್ಲಮ್ಮನ ಒಕ್ಕಲು ಜಾಸ್ತಿ. ಪರಶುರಾಮ ಎಲ್ಲಮ್ಮನ ಮಗ. ಅಪ್ಪನ ಮಾತಿಗೆ ಕಟ್ಟುಬಿದ್ದು ಹೆತ್ತ ತಾಯಿಯ ತಲೆ ಕಡಿದದ್ದು ಅದೇ ಕೊಡಲಿ. ಆಮೇಲೆ 21 ಸಲ ಭೂಮಿ ಸುತ್ತಿ ಕ್ಷತ್ರಿಯರನ್ನು ಕೊಂದದ್ದೂ ಅದೇ ಕೊಡಲಿ. ಅಂಥದ್ದನ್ನು ಕೊನೆಗೆ ಅವನು ಕೈಬಿಟ್ಟ ಅನ್ನುವುದೇ ನನಗೆ ಈ ಕಥೆಯ ತಿರುಳು. ಅದಕ್ಕೇ ನನ್ನ ಶಿಲ್ಪದಲ್ಲಿ ಕೊಡಲಿ ಕಾಣಬಾರದು ಅನ್ನಿಸಿತು.

ಕಡಲು ಏನನ್ನು ತಿನ್ನುತ್ತದೆ, ಏನನ್ನು ಬಿಡುತ್ತದೆ

ಕೈ ಕೆಸರು ಮಾಡಿಕೊಳ್ಳುವ ಮೊದಲು ಇದನ್ನು ತಿಳಿದುಕೊಳ್ಳಲೇಬೇಕು. ಇದು ಗೊತ್ತಿಲ್ಲದೆ ಮಾಡಿದರೆ ಎಲ್ಲದಕ್ಕೂ ಹಸಿರು ಬಣ್ಣ ಬಳಿದು, ನಾಲ್ಕು ಚಿಪ್ಪು ಅಂಟಿಸಿ, ಹೋಟೆಲಿನ ಮೀನಿನ ತೊಟ್ಟಿಯಲ್ಲಿ ಇಡುವ ಬೊಂಬೆಯಂತೆ ಆಗುತ್ತದೆ.

ಚಿನ್ನವನ್ನು ಕಡಲು ಮುಟ್ಟುವುದಿಲ್ಲ, ಸಾವಿರ ವರ್ಷ ಆದರೂ ಹೊಳೆಯುತ್ತದೆ. ಬೆಳ್ಳಿ ಕಪ್ಪಾಗುತ್ತದೆ. ತಾಮ್ರ, ಕಂಚು ಹಸಿರಾಗುತ್ತವೆ. ಆದರೆ ತಾಮ್ರ ಜೀವಿಗಳಿಗೆ ವಿಷ, ಹಾಗಾಗಿ ಅದರ ಮೇಲೆ ಚಿಪ್ಪುಜೀವಿಗಳು ಕಡಿಮೆ. ಮರವನ್ನು ಹಡಗುಹುಳು ತಿನ್ನುತ್ತದೆ. ಹೂಳಿನಲ್ಲಿ ಪೂರ್ತಿ ಹೂತುಹೋದ ಮರ ಮಾತ್ರ ಉಳಿಯುತ್ತದೆ.

ಕಬ್ಬಿಣದ್ದು ಮಾತ್ರ ಬೇರೆಯೇ ದಾರಿ. ಅದು ತುಕ್ಕು ಹಿಡಿಯುತ್ತಾ ಸುತ್ತಲಿನ ಮರಳು, ಚಿಪ್ಪು, ಸುಣ್ಣ ಎಲ್ಲವನ್ನೂ ತನ್ನ ಮೈಗೆ ಕಚ್ಚಿಸಿಕೊಂಡು ಕಲ್ಲಿನಂಥ ಗಡ್ಡೆ ಕಟ್ಟುತ್ತದೆ. ವರ್ಷಗಳು ಕಳೆದ ಹಾಗೆ ಒಳಗಿನ ಕಬ್ಬಿಣ ಕರಗುತ್ತದೆ. ಕೊನೆಗೆ ಗಡ್ಡೆಯೊಳಗೆ ಒಂದು ಪೊಳ್ಳು, ಸ್ವಲ್ಪ ಕಪ್ಪು ಕೆಸರು. ಆ ಪೊಳ್ಳಿನ ಗೋಡೆಯಲ್ಲಿ ಮೂಲ ವಸ್ತುವಿನ ಗೆರೆ ಗೀರು ಎಲ್ಲ ಹಾಗೇ ಇರುತ್ತದೆ. ಮುಳುಗಿದ ಹಡಗುಗಳ ಸಾಮಾನು ಸಂರಕ್ಷಿಸುವವರು ಇಂಥ ಗಡ್ಡೆಗೆ ಎಕ್ಸ್-ರೇ ತೆಗೆದು, ಒಳಗೆ ರೆಸಿನ್ ಎಂಬ ಗಟ್ಟಿಯಾಗುವ ದ್ರವ ಸುರಿದು, ಹೋದ ವಸ್ತುವಿನ ಅಚ್ಚು ತೆಗೆಯುತ್ತಾರೆ. ಇದನ್ನು ಓದಿದ ದಿನ ನನ್ನ ಕೊಡಲಿಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ಇನ್ನೊಂದು ಪಾಠ ಗ್ರೀಸ್‌ನಿಂದ. 1900ರಲ್ಲಿ ಆಂಟಿಕಿಥೆರಾ ದ್ವೀಪದ ಹತ್ತಿರ ಸ್ಪಂಜು ತೆಗೆಯಲು ಮುಳುಗಿದವರಿಗೆ ಸುಮಾರು 2000 ವರ್ಷ ಹಳೆಯ ಹಡಗಿನ ಅವಶೇಷ ಸಿಕ್ಕಿತು. ಅದರಲ್ಲಿದ್ದ ಅಮೃತಶಿಲೆಯ ಮೂರ್ತಿಗಳು ಈಗ ಅಥೆನ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿ. ಮರಳಿನಲ್ಲಿ ಹೂತಿದ್ದ ಭಾಗ ನಿನ್ನೆ ಕೆತ್ತಿದ ಹಾಗೆ ನುಣುಪು. ನೀರಿಗೆ ತೆರೆದುಕೊಂಡಿದ್ದ ಭಾಗವನ್ನು ಕಲ್ಲು ಕೊರೆಯುವ ಜೀವಿಗಳು ಗೆದ್ದಲು ತಿಂದಂತೆ ತಿಂದುಹಾಕಿವೆ. ಒಂದೇ ಮೈ, ಎರಡು ಗತಿ. ನಡುವೆ ಮರಳಿನ ಗೆರೆ.

ಈ ಮರಳಿನ ಗೆರೆಯನ್ನು ನಿಮ್ಮ ಶಿಲ್ಪದಲ್ಲೂ ಮೊದಲೇ ತೀರ್ಮಾನಿಸಿ. ನಾನು ಕಾಗದದಲ್ಲಿ ಗಡ್ಡೆಯ ಚಿತ್ರ ಬರೆದು ಅಡ್ಡಕ್ಕೆ ಒಂದು ಗೆರೆ ಎಳೆಯುತ್ತೇನೆ. ಗೆರೆಯ ಕೆಳಗೆ ಯಾವ ಜೀವಿಯೂ ಇಲ್ಲ. ಮೇಲೆ ಎಲ್ಲವೂ.

ಸಾಮಾನು

ಗುಜರಿ ಅಂಗಡಿಯಲ್ಲಿ ಒಂದು ಹಳೇ ಕೊಡಲಿ ತೆಗೆದುಕೊಳ್ಳಿ, ಕಾವು (ಮರದ ಹಿಡಿ) ಇಲ್ಲದ್ದೇ ಸಾಕು. ಆರೇಳು ಇಂಚಿನದು ಒಳ್ಳೆಯದು. ಸಿಮೆಂಟ್ 4 ಕೆ.ಜಿ., ಜರಡಿ ಹಿಡಿದ ಮರಳು ಅಥವಾ ಎಂ-ಸ್ಯಾಂಡ್ 8 ಕೆ.ಜಿ. ಕುಂಬಾರರ ಹತ್ತಿರ ಹದ ಮಾಡಿದ ಜೇಡಿಮಣ್ಣು, ಬಾಂಡಲಿಯಲ್ಲಿ ಮೂರು ಇಂಚು ದಪ್ಪಕ್ಕೆ ಹಾಸುವಷ್ಟು, ಇಲ್ಲವಾದರೆ ಕೆರೆಯಂಗಳದ ಮಣ್ಣನ್ನೇ ನೆನೆಸಿ, ಸೋಸಿ, ತುಳಿದು ಹದ ಮಾಡಿ. ಲೇತ್ ಅಂಗಡಿಯಿಂದ ಒಂದು ಡಬ್ಬ ಕಬ್ಬಿಣದ ಸಿಂಬೆ ಚೂರು. ಹರಿಹರ, ದಾವಣಗೆರೆಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ವ್ಯಾಸಲೀನ್, ಕೊಬ್ಬರಿ ಎಣ್ಣೆ, ಸುಣ್ಣ, ಉಪ್ಪು, ಗೋಣಿಚೀಲ, ಎರಡು ಕರಣೆ, ಒಂದು ಹಳೇ ಚಾಕು. ರಬ್ಬರ್ ಕೈಗವಸು ಬೇಕೇ ಬೇಕು, ಹಸಿ ಸಿಮೆಂಟು ಚರ್ಮ ಸುಡುತ್ತದೆ. ಒಣ ಸಿಮೆಂಟು ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಸಿಮೆಂಟಿನ ಬಗ್ಗೆ ಒಂದು ಮಾತು. ನನಗೊಮ್ಮೆ ಒಂದು ಅಂಗಡಿಯವರು ತಳದಲ್ಲಿ ಉಳಿದ ಹಳೇ ಸಿಮೆಂಟು ತೂಗಿಕೊಟ್ಟರು. ಹದಿನೈದು ದಿನದ ಕೆಲಸ ಬಿಸ್ಕೆಟಿನ ಹಾಗೆ ಪುಡಿಯಾಯಿತು. ಮೂರು ತಿಂಗಳು ದಾಟಿದ ಸಿಮೆಂಟಿನ ಬಲ ಕುಗ್ಗಿರುತ್ತದೆ. ಮುಷ್ಟಿಯಲ್ಲಿ ಹಿಡಿದು ನೋಡಿ. ಗಂಟು ಸಿಕ್ಕಿ, ಬೆರಳಲ್ಲಿ ಪುಡಿಯಾಗದಿದ್ದರೆ ಬೇಡ ಅನ್ನಿ.

ಗಡ್ಡೆ ಕಟ್ಟುವುದು

ಕೊಡಲಿಯ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಕಾವು ತೂರಿಸುವ ಕಣ್ಣಿಗೆ ಜೇಡಿಮಣ್ಣು ತುಂಬಿ ಮಟ್ಟ ಮಾಡಿ. ಇದನ್ನು ಮರೆತರೆ ಗಾರೆ ಆ ತೂತಿನೊಳಗೆ ಹೋಗಿ ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ಕೊಡಲಿ ಹೊರಗೆ ಬರುವುದಿಲ್ಲ.

ಅಗಲವಾದ ಗಾರೆ ಬಾಂಡಲಿಯಲ್ಲಿ ಮೂರು ಇಂಚು ದಪ್ಪಕ್ಕೆ ಜೇಡಿಮಣ್ಣು ಹಾಸಿ. ಕೊಡಲಿಯನ್ನು ಮಲಗಿಸಿ, ಅರ್ಧ ದಪ್ಪ ಮುಳುಗುವವರೆಗೆ ಒತ್ತಿ. ಮಣ್ಣಿನ ಮಟ್ಟ ಬಾಯಿಯ ಅಂಚಿಗೆ ಸರಿಯಾಗಿ ಸೇರಬೇಕು, ಹಿಂಭಾಗದಲ್ಲೂ ನಡು ಮಧ್ಯಕ್ಕೆ ಬರಬೇಕು. ಇಲ್ಲಿ ಅರ್ಧ ಗಂಟೆ ಹೋದರೂ ಪರವಾಗಿಲ್ಲ. ಒದ್ದೆ ಬೆರಳಲ್ಲಿ ತೀಡಿ ತೀಡಿ ಸೇರಿಸಿ. ಕೊಡಲಿಯ ಸುತ್ತ ಮೂರು ಇಂಚು ಮಣ್ಣು ಸಮತಟ್ಟಾಗಿ ಇರಲಿ. ಆ ಅಂಚಿನಲ್ಲಿ ಮೂರು ಕಡೆ ಗೋಲಿಯನ್ನು ಅರ್ಧ ಮುಳುಗುವಂತೆ ಒತ್ತಿ ತೆಗೆಯಿರಿ. ಆ ಗುಳಿಗಳಿಂದ ಎರಡು ಭಾಗಗಳು ಮುಂದೆ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಕೊಡಲಿಗೆ ವ್ಯಾಸಲೀನ್ ಹಚ್ಚಿ. ತೆಳ್ಳಗೆ, ಎಲ್ಲ ಕಡೆ. ದಪ್ಪ ಹಚ್ಚಿದರೆ ಬ್ರಷ್ಷಿನ ಗೆರೆಯೇ ಅಚ್ಚಾಗುತ್ತದೆ.

ಈಗ ಎರಡು ಬಗೆಯ ಗಾರೆ. ಮೊದಲನೆಯದಕ್ಕೆ ಮರಳನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ. ಸಮ ಪ್ರಮಾಣ ಸಿಮೆಂಟ್ ಸೇರಿಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಬ್ರಷ್‌ನಿಂದ ಕೊಡಲಿಯ ಮೇಲೆ ಒಂದು ಪದರ ಬಳಿಯಿರಿ. ಗುಳ್ಳೆ ಇದ್ದರೆ ಬ್ರಷ್ಷಿನ ತುದಿಯಿಂದ ಒಡೆಯಿರಿ. ಕಮ್ಮಾರನ ಸುತ್ತಿಗೆ ಏಟಿನ ಗುರುತು, ಸಾಣೆಯ ಗೀರು, ಎಲ್ಲ ಈ ಪದರಕ್ಕೆ ಇಳಿಯುತ್ತದೆ. ಇಪ್ಪತ್ತು ನಿಮಿಷ ಬಿಡಿ.

ಎರಡನೆಯದು ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು. ನೀರು ಕಡಿಮೆ. ರೊಟ್ಟಿ ಹಿಟ್ಟಿನಂತೆ ಮುಷ್ಟಿಯಲ್ಲಿ ಉಂಡೆ ನಿಲ್ಲಬೇಕು. ಇದನ್ನು ಎರಡು ಇಂಚು ದಪ್ಪಕ್ಕೆ ಮೆತ್ತಿ. ಇಲ್ಲಿ ಮರಡಿಹಳ್ಳಿ ನೆನಪಿರಲಿ. ಒಂದೇ ಸಮ ಸವರಬೇಡಿ. ಉಂಡೆ ಉಂಡೆಯಾಗಿ ಇಟ್ಟು ಜಗ್ಗಲು ಬಿಡಿ, ಒಂದರ ಸಂದಿಗೆ ಇನ್ನೊಂದು ಇಳಿಯಲಿ. ನಡುನಡುವೆ ಬೆಣಚುಕಲ್ಲು, ಒಡೆದ ಮಡಕೆ ಚೂರು ಸೇರಿಸಿ. ಒಳಗೆ ಕಬ್ಬಿಣದ ಸರಳು ಮಾತ್ರ ಹಾಕಬೇಡಿ. ಮುಂದೆ ನಾವು ಉಪ್ಪುನೀರು ಹಾಕುತ್ತೇವೆ. ಸರಳು ತುಕ್ಕು ಹಿಡಿದು ಉಬ್ಬಿ ಇಡೀ ಗಡ್ಡೆಯನ್ನು ಸೀಳುತ್ತದೆ. ಈ ಅಳತೆಗೆ ಸರಳಿನ ಅಗತ್ಯವೂ ಇಲ್ಲ.

ಒದ್ದೆ ಗೋಣಿ ಮುಚ್ಚಿ ಒಂದು ದಿನ ನೆರಳಲ್ಲಿ ಬಿಡಿ. ನೆರಳು ಅಂದರೆ ನೆರಳೇ. ನನ್ನ ಮೊದಲ ಗಡ್ಡೆಯನ್ನು ಮೇ ತಿಂಗಳ ದುರ್ಗದ ಬಿಸಿಲಲ್ಲಿ ಇಟ್ಟಿದ್ದೆ. ಸಂಜೆಗೆ ಅಡ್ಡಕ್ಕೆ ಸೀಳು ಬಿಟ್ಟಿತ್ತು.

ಮಾರನೇ ದಿನ ಇಡೀ ಗಡ್ಡೆಯನ್ನು ಮಣ್ಣು ಸಮೇತ ತಿರುವಿ ಹಾಕಿ. ಮಣ್ಣನ್ನು ಮಾತ್ರ ಬಿಡಿಸಿ ತೆಗೆಯಿರಿ. ಕೊಡಲಿ ಅಲ್ಲೇ ಕೂತಿರಲಿ, ಅಲುಗಾಡಿಸಬೇಡಿ. ಈಗ ಕಾಣುವ ಸಿಮೆಂಟಿನ ಅಂಚಿಗೆ ಎರಡು ಸಲ ಎಣ್ಣೆ, ಮೇಲೆ ವ್ಯಾಸಲೀನ್. ಕೊಡಲಿಗೂ ವ್ಯಾಸಲೀನ್. ಇಲ್ಲಿ ಜಿಪುಣತನ ಬೇಡ, ಹೊಸ ಸಿಮೆಂಟು ಹಳೇದಕ್ಕೆ ಹಿಡಿದರೆ ಬಿಡಿಸಲಾಗದು. ಮತ್ತೆ ದೋಸೆ ಹಿಟ್ಟಿನ ಪದರ, ಮತ್ತೆ ರೊಟ್ಟಿ ಹಿಟ್ಟಿನ ಉಂಡೆ.

ಎರಡು ದಿನ ಆದ ಮೇಲೆ ಸೇರುವ ಗೆರೆಯ ಸುತ್ತ ಹಳೇ ಚಾಕು ಇಟ್ಟು ಮೆಲ್ಲಗೆ ತಟ್ಟುತ್ತಾ ಬನ್ನಿ. ಒಂದೇ ಕಡೆ ಜೋರಾಗಿ ಹೊಡೆಯಬೇಡಿ. ನಾಲ್ಕೈದು ಸುತ್ತು ಬಂದ ಮೇಲೆ ಒಂದು ಸಣ್ಣ ಸದ್ದು ಕೇಳುತ್ತದೆ, ಹಸಿ ಕೊಬ್ಬರಿ ಚಿಪ್ಪಿನಿಂದ ಬಿಡುವ ಸದ್ದಿನ ಹಾಗೆ. ಅಷ್ಟೇ. ತೆರೆಯಿರಿ. ಕೊಡಲಿಯನ್ನು ಎತ್ತಿ ಪಕ್ಕಕ್ಕಿಡಿ. ಒಳಗೆ ಉಳಿದ ಗುಂಡಿಯಲ್ಲಿ ಬಾಯಿಯ ಮಸೆದ ಅಂಚು ಕೂದಲೆಳೆಯಷ್ಟು ತೆಳ್ಳಗೆ ಕಾಣುತ್ತದೆ. ಮೊದಲ ಸಲ ನೋಡಿದಾಗ ನಾನು ಆ ಗೆರೆಯ ಮೇಲೆ ಬೆರಳಿಡಲು ಹಿಂಜರಿದೆ. ಅಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದರೂ ಕುಯ್ಯುತ್ತದೇನೋ ಅನ್ನಿಸಿತು.

ಮೇಲಿನ ಭಾಗವನ್ನು ಪೂರ್ತಿ ಇಡಬೇಡಿ. ಮೂರನೇ ದಿನಕ್ಕೆ ಸಿಮೆಂಟು ಇನ್ನೂ ಎಳೆಯದಾಗಿರುತ್ತದೆ. ಉಳಿ ಇಟ್ಟು ಅದರ ಒಂದು ಮೂಲೆಯನ್ನು ಒಡೆದು ತೆಗೆದರೆ, ಮುಚ್ಚಿದಾಗಲೂ ಒಳಗಿನ ಪೊಳ್ಳು ಇಣುಕುತ್ತದೆ. ಗರಗಸದ ನೇರ ಕೊಯ್ತಕ್ಕಿಂತ ಒಡಕು ನಿಜ ಅನ್ನಿಸುತ್ತದೆ. ಆಮೇಲೆ ಏಳು ದಿನ ಒದ್ದೆ ಗೋಣಿಯಲ್ಲಿಟ್ಟು ಕ್ಯೂರಿಂಗ್ ಮಾಡಿ. ಒಟ್ಟು ತೂಕ 10–12 ಕೆ.ಜಿ. ಆಗುತ್ತದೆ, ಎತ್ತುವಾಗ ಸೊಂಟ ಜೋಪಾನ.

ಕಾವು

"ಕೊಡಲಿ ಕಾವು ಕುಲಕ್ಕೆ ಮೃತ್ಯು" ಅಂತ ಗಾದೆ. ಮರದಿಂದಲೇ ಬಂದು ಮರವನ್ನು ಕೊಲ್ಲುವ ಕಾವನ್ನು ಇಲ್ಲಿ ಹುಳು ತಿಂದಿದೆ. ಒಂದು ಗೇಣುದ್ದದ ಜಾಲಿ ಅಥವಾ ಬೇವಿನ ತುಂಡು ಸಾಕು. ಹಡಗುಹುಳು ಮರದೊಳಗೆ ಹೋಗುವ ತೂತು ಸೂಜಿ ಮೊನೆಯಷ್ಟು. ಒಳಗೆ ಹೋದ ಮೇಲೆ ಬೆಳೆಯುತ್ತಾ ದಾರಿ ಅಗಲವಾಗುತ್ತದೆ. ಹಾಗಾಗಿ ಹೊರಗಿನಿಂದ ಮರ ಗಟ್ಟಿಯಾಗೇ ಕಾಣುತ್ತದೆ. ತುಂಡನ್ನು ಉದ್ದಕ್ಕೆ ಸೀಳಿ, ಸೀಳಿದ ಮೈಯಲ್ಲಿ 4ರಿಂದ 8 ಮಿ.ಮೀ. ಡ್ರಿಲ್‌ನಿಂದ ದಾರಿಗಳನ್ನು ಕೊರೆಯಿರಿ. ಒಂದು ವಿಷಯ ನೆನಪಿಡಿ: ಈ ಹುಳುಗಳು ಎಷ್ಟೇ ಕಿಕ್ಕಿರಿದಿದ್ದರೂ ಒಂದರ ದಾರಿಗೆ ಇನ್ನೊಂದು ನುಗ್ಗುವುದಿಲ್ಲ, ಬಳಸಿಕೊಂಡು ಹೋಗುತ್ತವೆ. ನಿಮ್ಮ ಗೆರೆಗಳೂ ಕೂಡಬಾರದು. ಹುಳುಗಳು ದಾರಿಯ ಗೋಡೆಗೆ ಸುಣ್ಣದ ಪದರ ಬಳಿಯುತ್ತಾ ಹೋಗುತ್ತವೆ. ನೀವೂ ತಿಳಿ ಸುಣ್ಣವನ್ನು ಕಡ್ಡಿಗೆ ಹತ್ತಿ ಸುತ್ತಿ ಒಳಗೆ ಸವರಿ.

ಬಾರ್ನಕಲ್‌ಗಳು ಎಲ್ಲಿ ಕೂರುತ್ತವೆ

ನನ್ನ ಎರಡನೇ ಗಡ್ಡೆಗೆ ಸುತ್ತಲೂ ಒಂದೇ ಸಮ ಬಾರ್ನಕಲ್ (ಕಡಲಲ್ಲಿ ಬಂಡೆ, ದೋಣಿಗೆ ಅಂಟಿ ಬೆಳೆಯುವ ಸಣ್ಣ ಚಿಪ್ಪುಜೀವಿ) ಮಾಡಿ ಅಂಟಿಸಿದ್ದೆ. ಕರಾವಳಿಯಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದ ಹಿರಿಯರೊಬ್ಬರು ಅದರ ಫೋಟೋ ನೋಡಿ, "ಇವಕ್ಕೆ ಊಟ ಎಲ್ಲಿಂದ ಬರ್ತದೆ?" ಅಂತ ಕೇಳಿದರು. ಆ ಒಂದು ಮಾತಿಗೆ ಎಲ್ಲ ಕಿತ್ತು ಮತ್ತೆ ಮಾಡಿದೆ. ಬಾರ್ನಕಲ್ ಕೂತಲ್ಲಿಂದ ಏಳುವುದಿಲ್ಲ. ಹರಿಯುವ ನೀರು ತರುವ ಆಹಾರವನ್ನೇ ಹಿಡಿದು ತಿನ್ನಬೇಕು. ಆದ್ದರಿಂದ ನೀರು ತಾಗುವ ಉಬ್ಬು, ಏಣುಗಳ ಮೇಲೆ ಗುಂಪಾಗಿ ಕೂರುತ್ತದೆ. ಮರಳಿನ ಗೆರೆಯ ಕೆಳಗೆ ಒಂದೂ ಇರುವುದಿಲ್ಲ. ಗಡ್ಡೆಯ ಒಳಗಿನ ಪೊಳ್ಳಿನಲ್ಲೂ ಇರುವುದಿಲ್ಲ.

ಮಾಡುವುದು ಸುಲಭ. ಕಡಲೆಕಾಳಿನಷ್ಟು ಗಾರೆ ತೆಗೆದು ಬೆರಳ ತುದಿಯಲ್ಲಿ ಮೊಂಡು ಗೋಪುರ ಮಾಡಿ. ತುದಿಗೆ ಪೆನ್ನಿನ ರೀಫಿಲ್ ಒತ್ತಿ ಬಾಯಿ ತೆರೆಯಿರಿ. ಪಕ್ಕದಲ್ಲಿ ಜಾಲಿ ಮುಳ್ಳಿನಿಂದ ಮೇಲಿಂದ ಕೆಳಕ್ಕೆ ಆರು ಗೀರು. ಬಂಡೆಗೆ ಅಂಟುವ ಸಾಮಾನ್ಯ ಬಾರ್ನಕಲ್‌ಗೆ ಆರು ಫಲಕ ಇರುತ್ತವೆ. ದೊಡ್ಡದರ ಮೈಮೇಲೆ ಸಣ್ಣದನ್ನು ಕೂರಿಸಿ, ಅವು ಹಾಗೇ ಒಂದರ ಮೇಲೊಂದು ಬೆಳೆಯುತ್ತವೆ. ಕೆಲವನ್ನು ಮುರಿದು ಬರೀ ದುಂಡನೆಯ ಬುಡ ಮಾತ್ರ ಬಿಡಿ. ಎಂಬತ್ತು ತೊಂಬತ್ತು ಮಾಡುವ ಹೊತ್ತಿಗೆ ಕೈ ಪಳಗುತ್ತದೆ.

ಸೂಳೆಕೆರೆ ದಂಡೆಯಲ್ಲಿ ಸಿಗುವ ಖಾಲಿ ಬಸವನಹುಳು ಚಿಪ್ಪನ್ನು ಹಸಿ ಗಾರೆಗೆ ಒತ್ತಿ ತೆಗೆದರೆ ಒಳ್ಳೆಯ ಗುರುತು ಬೀಳುತ್ತದೆ. ಚಿಪ್ಪನ್ನು ಅಲ್ಲೇ ಬಿಡಬೇಡಿ, ಅದು ಸಿಹಿನೀರಿನದು. ಹವಳವನ್ನಂತೂ ಎಲ್ಲೂ ಕೊಳ್ಳಬೇಡಿ. ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಯಾರಾದರೂ ಮಾರಲು ತಂದರೂ ಬೇಡ.

ಬಣ್ಣ

ಹೊರಗಿನಿಂದ ತಂದು ಬಳಿದ ಬಣ್ಣಕ್ಕಿಂತ ಒಳಗಿನಿಂದ ಬಂದ ಬಣ್ಣ ಚೆನ್ನ. ಲೇತ್ ಚೂರುಗಳನ್ನು ಮೊದಲು ಸೋಪಿನ ಪುಡಿಯಲ್ಲಿ ತೊಳೆದು ಎಣ್ಣೆ ಬಿಡಿಸಿ. ಹೊರಗಿನ ಕೊನೆಯ ಪದರ ಮೆತ್ತುವಾಗಲೇ ಒಂದು ಹಿಡಿ ಉದುರಿಸಿ ಅದುಮಿ. ಕ್ಯೂರಿಂಗ್ ಮುಗಿದ ಮೇಲೆ ಒಂದು ಲೀಟರ್ ನೀರಿಗೆ ಎರಡು ಹಿಡಿ ಉಪ್ಪು ಕರಗಿಸಿ ಬೆಳಗ್ಗೆ, ಸಂಜೆ ಚಿಮುಕಿಸಿ. ಮೂರು ನಾಲ್ಕು ದಿನಕ್ಕೆ ಕಂದು ಕಣ್ಣೀರಿನಂತೆ ತುಕ್ಕು ಇಳಿಯುತ್ತದೆ. ಒಂದು ವಾರ ಸಾಕು. ಬಾರ್ನಕಲ್‌ಗಳ ಮೇಲೆ ತೆಳು ಸುಣ್ಣ. ಒಳಗಿನ ಪೊಳ್ಳಿಗೆ ದೀಪದ ಕಾಡಿಗೆಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಬಟ್ಟೆಯಿಂದ ಒರೆಸಿ, ನಿಜವಾದ ಗಡ್ಡೆಯ ಒಳಗೂ ಕಪ್ಪೇ ಇರುತ್ತದೆ.

ಹಸಿರು ಬೇಡ. ಕಬ್ಬಿಣ ಹಸಿರಾಗುವುದಿಲ್ಲ. ಪಾತ್ರೆ, ಗಂಟೆ, ನಾಣ್ಯ ಅಂತ ತಾಮ್ರದ್ದನ್ನು ಮಾಡಿದರೆ ಮಾತ್ರ ಹಸಿರು. ತಾಮ್ರದ ತಗಡಿಗೆ ಉಪ್ಪು, ವಿನೆಗರ್ ಸವರಿ ಮುಚ್ಚಿದ ಡಬ್ಬದಲ್ಲಿ ಎರಡು ದಿನ ಇಟ್ಟರೆ ತಾನೇ ಬರುತ್ತದೆ. ವಿನೆಗರ್ ಜೊತೆ ಬ್ಲೀಚ್ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಮಕ್ಕಳ ಜೊತೆ ಮಾಡುವುದಾದರೆ ಕೊಡಲಿ ಬಿಟ್ಟು ನಾಣ್ಯ ಮಾಡಿಸಿ. ಜೇಡಿಮಣ್ಣಿನ ಬಿಲ್ಲೆಗಳನ್ನು ಹಸಿಯಿರುವಾಗಲೇ ಒತ್ತೊತ್ತಾಗಿ ಜೋಡಿಸಿ, ಹರಿದ ಚೀಲದ ಗುರುತು ಬೀಳುವಂತೆ ಗೋಣಿಯಲ್ಲಿ ಸುತ್ತಿ ಬಿಚ್ಚಿದರೆ ಚಂದ್ರವಳ್ಳಿಗೆ ಬಂದು ಮುಟ್ಟದ ಹಣದ ಗಂಟು ಸಿದ್ಧ.

ಹೆಸರಹಲಗೆ

2017ರಲ್ಲಿ ವೆನಿಸ್‌ನಲ್ಲಿ ಡೇಮಿಯನ್ ಹರ್ಸ್ಟ್ ಎಂಬ ಬ್ರಿಟಿಷ್ ಕಲಾವಿದ ದೊಡ್ಡ ಪ್ರದರ್ಶನ ಮಾಡಿದರು. ಪುರಾತನ ಹಡಗೊಂದು ಮುಳುಗಿತ್ತು, ಅದರ ನಿಧಿ ಎತ್ತಿ ತಂದಿದ್ದೇವೆ ಅನ್ನುವ ಕಟ್ಟುಕಥೆ. ಹವಳ ಹಿಡಿದಂತೆ ಕಾಣುವ ಕಂಚಿನ ಮೂರ್ತಿಗಳು, ಅವುಗಳ ನಡುವೆ ಮಿಕ್ಕಿ ಮೌಸ್ ಕೂಡ. ಕಥೆ ಕಟ್ಟಿದ ಧೈರ್ಯ ನನಗೆ ಇಷ್ಟ. ಆದರೆ ಅಲ್ಲಿ ಎಲ್ಲವೂ ಸಿಕ್ಕಿಬಿಟ್ಟಿದೆ. ಕಳೆದುಹೋದದ್ದರ ಸಂಕಟ ನನಗೆ ಅಲ್ಲಿ ಕಡಿಮೆ ಕಂಡಿತು. ಜೇಸನ್ ಡಿಕೇರಸ್ ಟೇಲರ್ ಅವರ ಕೆಲಸ ನನಗೆ ಹೆಚ್ಚು ಹತ್ತಿರ. ಅವರು 2006ರಲ್ಲಿ ಗ್ರೆನಡಾ ದ್ವೀಪದ ಕಡಲಿನಡಿ ಶಿಲ್ಪಗಳನ್ನು ಇಟ್ಟರು. ಉಳಿದದ್ದನ್ನು ಹವಳ, ಸ್ಪಂಜುಗಳೇ ಮಾಡಿದವು. ಅದಕ್ಕೆ ಅವರು ಕ್ಷಾರ ಕಡಿಮೆ ಇರುವ ವಿಶೇಷ ಸಿಮೆಂಟ್ ಬಳಸುತ್ತಾರೆ. ನಮ್ಮದು ಮಾಮೂಲಿ ಸಿಮೆಂಟ್, ಜಲಜೀವಿಗಳಿಗೆ ಒಗ್ಗುವುದಿಲ್ಲ. ಕೆರೆಗೆ, ಬಾವಿಗೆ ಇಳಿಸಬೇಡಿ.

ನಿಮ್ಮ ಹಲಗೆಯಲ್ಲಿ ಕಥೆ ಬರೆಯಿರಿ, ಜೊತೆಗೆ ನಿಮ್ಮ ಹೆಸರು, ಮಾಡಿದ ವರ್ಷ, "ಸಿಮೆಂಟು, ಮರಳು, ಜಾಲಿಮರ" ಅಂತಲೂ ಬರೆಯಿರಿ. ಕೋಟೆ ಊರಲ್ಲಿ ಹಳೇದರಂತೆ ಕಾಣುವ ವಸ್ತು ಕೈ ಬದಲಾದರೆ ಒಂದಲ್ಲ ಒಂದು ದಿನ ಯಾರೋ ಅದನ್ನು ನಿಧಿ ಅಂತ ಮಾರುತ್ತಾರೆ. ಅದಕ್ಕೇ ನಾನು ತಳದಲ್ಲಿ ಹಸಿ ಇರುವಾಗಲೇ ಇಸವಿ ಕೊರೆಯುತ್ತೇನೆ. ಹುಡುಕಾಟದಲ್ಲಿ ನಿಜವಾಗಿಯೂ ಹಳೇ ನಾಣ್ಯ, ಮೂರ್ತಿ ಕಣ್ಣಿಗೆ ಬಿದ್ದರೆ ಅಲ್ಲೇ ಬಿಟ್ಟು ಪುರಾತತ್ವ ಇಲಾಖೆಗೋ ಜಿಲ್ಲಾಧಿಕಾರಿ ಕಚೇರಿಗೋ ತಿಳಿಸಿ.

ಇಡುವ ಜಾಗ

ಗಾಜಿನ ಪೆಟ್ಟಿಗೆ ಬೇಡ. ಒಂದು ಹಳೇ ಬಾಂಡಲಿಯಲ್ಲಿ ಮರಳು ತುಂಬಿ, ನೀವು ಗುರುತು ಮಾಡಿದ ಗೆರೆಯವರೆಗೆ ಗಡ್ಡೆಯನ್ನು ಹೂಳಿ. ಕಾವಿನ ತುಂಡನ್ನು ಒಂದು ಗೇಣು ದೂರದಲ್ಲಿಡಿ, ಅಂಟಿಸಬೇಡಿ.

ನನ್ನದು ಹಿತ್ತಲಲ್ಲಿ, ನುಗ್ಗೆ ಮರದ ಕೆಳಗೆ ಇದೆ. ಮೇಲಿನ ಅರ್ಧವನ್ನು ಪಕ್ಕಕ್ಕೆ ಸರಿಸಿಟ್ಟಿದ್ದೇನೆ. ಮಳೆ ಬಂದ ಮಾರನೇ ಬೆಳಗ್ಗೆ ಕೆಳಗಿನ ಅರ್ಧದ ಗುಂಡಿ ತುಂಬಿರುತ್ತದೆ. ಬಾಯಿ, ಹೆಗಲು, ಹಿಂಭಾಗ, ಎಲ್ಲ ಸರಿಯಾಗಿ ಕೊಡಲಿಯ ಆಕಾರದ ನೀರು. ಪಿಕಳಾರಗಳು ಬಂದು ಕುಡಿಯುತ್ತವೆ. ನೀವು ಹೊರಗೆ ಇಟ್ಟರೆ ಮೊದಲ ಎರಡು ಮಳೆಯ ನೀರನ್ನು ಚೆಲ್ಲಿಬಿಡಿ, ಅದರಲ್ಲಿ ಉಪ್ಪು ಮತ್ತು ಸಿಮೆಂಟಿನ ಕ್ಷಾರ ಇರುತ್ತದೆ. ಆಮೇಲೂ ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಸೊಳ್ಳೆ ಮೊಟ್ಟೆ ಇಡಬಾರದು.